ಸುಖವಿಚಾರದ ಚರಿತ್ರೆಯೂ ಶರಣರ ಪ್ರಸಾದತತ್ತ್ವವೂ

೧. ವಿಷಯಪ್ರವೇಶ

ಸುಖವನ್ನು ಬಯಸದ ಜೀವವಿಲ್ಲ. ಅರಸನು ರಾಜ್ಯವನ್ನು ವಿಸ್ತರಿಸಲು ಹೊರಡುವದೂ, ವಿರಕ್ತನು ರಾಜ್ಯವನ್ನು ಬಿಟ್ಟು ಹೊರಡುವದೂ, ಒಕ್ಕಲಿಗನು ಬೀಜವನ್ನು ನೆಲಕ್ಕೆ ಚೆಲ್ಲುವದೂ, ಲೋಭಿಯು ಹೊನ್ನನ್ನು ನೆಲದಲ್ಲಿ ಹೂಳುವದೂ ಈ ಒಂದೇ ಬಯಕೆಯ ಪ್ರೇರಣೆಯಿಂದ. ಆದರೆ ಬಯಸುವವರೆಲ್ಲರೂ ತಾವು ಬಯಸಿದ್ದು ಏನೆಂಬದನ್ನು ಅರಿತಿರುವರೆಂದು ಹೇಳಲಾಗದು. ಸುಖವೆಂದರೇನು, ಅದು ವಸ್ತುವಿನಲ್ಲಿರುವದೋ ಮನಸ್ಸಿನಲ್ಲಿರುವದೋ, ದುಃಖವಿಲ್ಲದಿರುವಿಕೆಯೇ ಸುಖವೋ ಅಥವಾ ಅದಕ್ಕಿಂತ ಹೆಚ್ಚಿನದೊಂದುಂಟೋ, ಒಮ್ಮೆ ದೊರೆತ ಸುಖವನ್ನು ಕಾಲವೂ ದೈವವೂ ಕಸಿದುಕೊಳ್ಳಬಲ್ಲವೋ ಇಲ್ಲವೋ ಎಂಬ ಪ್ರಶ್ನೆಗಳು ಬಹು ಪುರಾತನವಾದವುಗಳು. ಇವುಗಳಿಗೆ ಬೇರೆ ಬೇರೆ ಕಾಲದ ಜ್ಞಾನಿಗಳು ಕೊಟ್ಟ ಉತ್ತರಗಳ ಚರಿತ್ರೆಯೇ ಒಂದು ಅರ್ಥದಲ್ಲಿ ತತ್ತ್ವಶಾಸ್ತ್ರದ ಚರಿತ್ರೆಯಾಗಿರುವದು.

ಈ ದೀರ್ಘವಾದ ವಿಚಾರಪರಂಪರೆಯಲ್ಲಿ ಕ್ರಿಸ್ತಶಕ ೧೨ನೆಯ ಶತಮಾನದ ಶರಣರ ಸ್ಥಾನವು ಯಾವದು? ಅವರು ಹಿಂದಿನವರಿಂದ ಪಡೆದದ್ದೇನು, ಹಿಂದಿನವರು ಹೇಳದೆ ಬಿಟ್ಟಿದ್ದನ್ನು ಹೇಳಿದ್ದೇನು, ಹೇಳಿದ್ದನ್ನು ತಮ್ಮ ಮನೆವಾರ್ತೆಯಲ್ಲಿಯೂ ಆಪತ್ತಿನಲ್ಲಿಯೂ ಹೇಗೆ ನಡೆಸಿದರು ಎಂಬದನ್ನು ಕ್ರಮವಾಗಿ ವಿಚಾರಿಸುವದೇ ಈ ಲೇಖನದ ಉದ್ದೇಶವು.

೨. ವೇದೋಪನಿಷತ್ತುಗಳಲ್ಲಿ ಸುಖ

ಮೊದಲು ಶಬ್ದವನ್ನೇ ನೋಡತಕ್ಕದ್ದು. ಋಗ್ವೇದದಲ್ಲಿ 'ಸುಖ' ಎಂಬದು ಮನುಷ್ಯನ ಮನಃಸ್ಥಿತಿಯನ್ನು ಹೇಳುವ ಮಾತಲ್ಲ. ಅದು ರಥಕ್ಕೆ ವಿಶೇಷಣವಾಗಿ ಬರುವದು. 'ಖ' ಎಂದರೆ ರಂಧ್ರ. ಗಾಲಿಯ ಅಚ್ಚಿನ ರಂಧ್ರವು ಸಮನಾಗಿದ್ದು ತೊಡಕಿಲ್ಲದೆ ಓಡುವ ರಥವು ಸುಖವಾದ ರಥ. ನಿರುಕ್ತಕಾರನಾದ ಯಾಸ್ಕಾಚಾರ್ಯನು ಇದೇ 'ಖ' ಶಬ್ದಕ್ಕೆ ಇಂದ್ರಿಯವೆಂದು ಅರ್ಥಮಾಡಿ, ಇಂದ್ರಿಯಗಳಿಗೆ ಹಿತವಾದದ್ದು ಸುಖವೆಂದು ವಿವರಿಸಿದನು. ರಥದಿಂದ ಇಂದ್ರಿಯಕ್ಕೆ, ಇಂದ್ರಿಯದಿಂದ ಮನಸ್ಸಿಗೆ, ಮನಸ್ಸಿನಿಂದ ಆತ್ಮಕ್ಕೆ ಈ ಶಬ್ದವು ನಡೆದುಬಂದ ದಾರಿಯೇ ಸ್ವಾರಸ್ಯವಾದುದು. ಗಾಲಿಯು ಅಚ್ಚಿಗೆ ಹೊಂದಿದಾಗ ರಥವು ಹೇಗೆ ಸುಗಮವಾಗಿ ಚಲಿಸುವದೋ ಹಾಗೆ ಜೀವನು ತನ್ನ ಮೂಲಕ್ಕೆ ಹೊಂದಿದಾಗ ಬಾಳು ಸುಗಮವಾಗುವದೆಂಬ ಭಾವವು ಈ ಶಬ್ದದ ಹೊಟ್ಟೆಯಲ್ಲಿಯೇ ಅಡಗಿರುವದೆನ್ನಬಹುದು.

ಉಪನಿಷತ್ತುಗಳ ಕಾಲಕ್ಕೆ ಪ್ರಶ್ನೆಯು ಸ್ಪಷ್ಟವಾಯಿತು. ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ನಾರದನು ಸನತ್ಕುಮಾರನ ಬಳಿಗೆ ಬರುವನು. ವೇದಗಳು, ಇತಿಹಾಸಪುರಾಣಗಳು, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ ಮೊದಲಾದ ಯಾವತ್ತು ವಿದ್ಯೆಗಳನ್ನು ಆತನು ಕಲಿತಿದ್ದಾನೆ. ಆದರೂ ಶೋಕವು ಹೋಗಿಲ್ಲ. ಪಾಂಡಿತ್ಯವೂ ಸುಖವೂ ಒಂದಲ್ಲವೆಂದು ಇಷ್ಟು ನಿರ್ದಾಕ್ಷಿಣ್ಯವಾಗಿ ಒಪ್ಪಿಕೊಂಡ ಪಂಡಿತನು ಮತ್ತೊಬ್ಬನಿಲ್ಲ. ಸನತ್ಕುಮಾರನು ಆತನನ್ನು ನಾಮದಿಂದ ಮೊದಲ್ಗೊಂಡು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಕಡೆಗೆ 'ಭೂಮ'ದ ಬಳಿಗೆ ಒಯ್ಯುವನು. ಅಳತೆಯುಳ್ಳದ್ದರಲ್ಲಿ ಸುಖವಿಲ್ಲ, ಅಳತೆಗೆ ಮೀರಿದ್ದರಲ್ಲಿಯೇ ಸುಖವುಂಟೆಂಬದು ಆ ಉಪದೇಶದ ಸಾರಾಂಶವು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ತನ್ನ ಆಸ್ತಿಯನ್ನು ಇಬ್ಬರು ಹೆಂಡಿರಿಗೆ ಹಂಚಹೋದಾಗ, ಧನದಿಂದ ತುಂಬಿದ ಭೂಮಿಯೆಲ್ಲವೂ ತನ್ನದಾದರೆ ಅದರಿಂದ ಅಮೃತತ್ವವು ಲಭಿಸುವದೋ ಎಂದು ಮೈತ್ರೇಯಿಯು ಕೇಳಿದಳು. ಧನವಂತರ ಬಾಳಿನಂಥ ಬಾಳು ಲಭಿಸೀತು, ಅಮೃತತ್ವದ ಆಸೆಯಿಲ್ಲವೆಂಬದು ಋಷಿಯ ಉತ್ತರವಾಯಿತು.

ಇವೆಲ್ಲಕ್ಕಿಂತ ವಿಶೇಷವಾದುದು ತೈತ್ತಿರೀಯೋಪನಿಷತ್ತಿನ ಆನಂದಮೀಮಾಂಸೆ. ಅಲ್ಲಿ ಋಷಿಯು ಸುಖವನ್ನು ಅಳೆಯಲು ಹೊರಡುತ್ತಾನೆ. ಅಳತೆಯ ಮೂಲಮಾನವೆಂದರೆ ಒಬ್ಬ ತರುಣ. ಆತನು ಸಾಧು, ಅಧ್ಯಯನಸಂಪನ್ನ, ದೃಢಕಾಯ, ಬಲಿಷ್ಠ. ಸಂಪತ್ತಿನಿಂದ ತುಂಬಿದ ಇಡೀ ಪೃಥ್ವಿಯು ಆತನದು. ಇಂಥವನ ಸುಖವು ಒಂದು ಮಾನುಷಾನಂದ. ಅದರ ನೂರು ಮಡಿ ಮನುಷ್ಯಗಂಧರ್ವರ ಆನಂದ. ಅದರ ನೂರು ಮಡಿ ದೇವಗಂಧರ್ವರದು. ಹೀಗೆ ಪಿತೃಗಳು, ಆಜಾನಜದೇವರು, ಕರ್ಮದೇವರು, ದೇವರು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಇವರನ್ನು ದಾಟಿ ಬ್ರಹ್ಮಾನಂದದವರೆಗೆ ಮೇಲಿಂದ ಮೇಲೆ ೧೦ ಸಾರೆ ನೂರರಿಂದ ಗುಣಿಸುತ್ತ ಹೋಗುವದು. ಇದನ್ನು ಓದಿದವನಿಗೆ, ಸುಖವು ದೂರದ ಮೆಟ್ಟಿಲಮೇಲಿರುವ ವಸ್ತುವೆಂದು ತೋರಬಹುದು. ಆದರೆ ಋಷಿಯು ಮಾನುಷಾನಂದವನ್ನು ದಾಟಿದ ಮೇಲೆ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಒಂದು ಮಾತನ್ನು ತಪ್ಪದೆ ಸೇರಿಸುತ್ತಾನೆ: ಕಾಮದಿಂದ ಹತನಾಗದ ಶ್ರೋತ್ರಿಯನಿಗೂ ಅದೇ ಆನಂದವು ಉಂಟು. ಗಂಧರ್ವನು ಗಂಧರ್ವಲೋಕಕ್ಕೂ ಇಂದ್ರನು ಇಂದ್ರಪದವಿಗೂ ಏರಿ ಪಡೆಯುವದನ್ನು, ಬಯಕೆಯ ಪೆಟ್ಟು ತಾಗದವನು ತಾನು ಕುಳಿತಲ್ಲಿಯೇ ಪಡೆಯುವನು. ಮೇಲಕ್ಕೆ ಏರಿಸುವ ನೆವದಿಂದ ಏಣಿಯೇ ಬೇಡವೆಂದು ತಿಳಿಸಿದ ಈ ಜಾಣ್ಮೆಯು ಮುಂದಿನ ವಿಚಾರಕ್ಕೆಲ್ಲ ಬೀಜಪ್ರಾಯವಾಯಿತು.

೩. ದರ್ಶನಕಾರರ ವಾದ

ದರ್ಶನಗಳು ಬೆಳೆದಂತೆ ಪಕ್ಷಗಳು ಒಡೆದವು. ಚಾರ್ವಾಕರು ಇಂದ್ರಿಯಸುಖವೊಂದೇ ಪುರುಷಾರ್ಥವೆಂದರು. ಸುಖದೊಡನೆ ದುಃಖವು ಬೆರೆತಿರುವದಲ್ಲಾ ಎಂದರೆ, ಮುಳ್ಳಿದೆಯೆಂದು ಮೀನನ್ನು ಯಾರೂ ಎಸೆಯುವದಿಲ್ಲ, ಹೊಟ್ಟಿದೆಯೆಂದು ಭತ್ತವನ್ನು ಯಾರೂ ಚೆಲ್ಲುವದಿಲ್ಲ ಎಂಬದು ಅವರ ಸಮಾಧಾನವೆಂದು ೧೪ನೆಯ ಶತಮಾನದ ಸರ್ವದರ್ಶನಸಂಗ್ರಹದಲ್ಲಿ ಕಾಣಬರುವದು. ಭಗವಾನ್ ಬುದ್ಧನು ಇದಕ್ಕೆ ಇದಿರಾದ ದಿಕ್ಕಿನಿಂದ ಹೊರಟನು. ದುಃಖವುಂಟು, ಅದಕ್ಕೆ ಕಾರಣವುಂಟು, ಅದಕ್ಕೆ ನಿರೋಧವುಂಟು, ನಿರೋಧಕ್ಕೆ ಮಾರ್ಗವುಂಟೆಂಬ ನಾಲ್ಕು ಆರ್ಯಸತ್ಯಗಳಲ್ಲಿ ಸುಖದ ಹೆಸರೇ ಇಲ್ಲ. ರೋಗವನ್ನು ತೊಲಗಿಸಿದರೆ ಆರೋಗ್ಯವನ್ನು ಬೇರೆ ತರಬೇಕಾಗಿಲ್ಲವೆಂಬ ವೈದ್ಯನ ದೃಷ್ಟಿ ಅದು. ಸಾಂಖ್ಯರೂ ಮೂರು ಬಗೆಯ ದುಃಖಗಳ ಪೆಟ್ಟಿನಿಂದಲೇ ತಮ್ಮ ಜಿಜ್ಞಾಸೆಯನ್ನು ಆರಂಭಿಸುವರು.

ನೈಯಾಯಿಕರು ಇನ್ನೂ ಮುಂದೆ ಹೋದರು. ದುಃಖದ ಆತ್ಯಂತಿಕ ನಿವೃತ್ತಿಯೇ ಅಪವರ್ಗ. ಅಲ್ಲಿ ಸುಖವೂ ಇರುವದಿಲ್ಲ, ಏಕೆಂದರೆ ಸುಖವಿದ್ದಲ್ಲಿ ಅದರ ಮೇಲೆ ರಾಗವಿರುವದು, ರಾಗವಿದ್ದಲ್ಲಿ ಬಂಧವಿರುವದು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ವಾದಿಸಿದನು. ಈ ವಾದವು ತರ್ಕಕ್ಕೆ ಸೊಗಸಾಗಿದ್ದರೂ ಹೃದಯಕ್ಕೆ ಒಗ್ಗಲಿಲ್ಲ. ಇಂಥ ಮುಕ್ತಿಯು ಕಲ್ಲಿನ ಸ್ಥಿತಿಗಿಂತ ಬೇರೆಯೇನೆಂದು ಆಕ್ಷೇಪವೆದ್ದಿತು. ಶ್ರೀಹರ್ಷಕವಿಯು ತನ್ನ ನೈಷಧಕಾವ್ಯದಲ್ಲಿ ಚಾರ್ವಾಕನೊಬ್ಬನ ಬಾಯಿಂದ, ಶಿಲೆಯಂಥ ಮುಕ್ತಿಯನ್ನು ಉಪದೇಶಿಸಿದ ಗೋತಮನಿಗೆ ಆ ಹೆಸರು ಅನ್ವರ್ಥವೆಂದು, 'ಗೋ' ಶಬ್ದದ ಮೇಲೆ ಶ್ಲೇಷೆಮಾಡಿ ಹಾಸ್ಯಮಾಡಿಸಿದನು. ನ್ಯಾಯದ ಒಳಗಿನಿಂದಲೇ ಈ ಕೊರತೆಯನ್ನು ತುಂಬಲು ಹೊರಟವನು ೧೦ನೆಯ ಶತಮಾನದ ಭಾಸರ್ವಜ್ಞನು. ಶೈವನಾದ ಈ ಆಚಾರ್ಯನು ತನ್ನ ನ್ಯಾಯಸಾರದಲ್ಲಿ ಮೋಕ್ಷದಲ್ಲಿ ನಿತ್ಯಸುಖದ ಅನುಭವವುಂಟೆಂದು ಪ್ರತಿಪಾದಿಸಿದನು. ಶಿವನನ್ನು ನಂಬಿದವನಿಗೆ ಸುಖವಿಲ್ಲದ ಮುಕ್ತಿಯು ರುಚಿಸದೆಂಬದು ಇದರಿಂದ ವಿದಿತವಾಗುವದು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಸುಖವನ್ನು ಮೂರಾಗಿ ವಿಂಗಡಿಸಿತು. ಮೊದಲಲ್ಲಿ ಕಹಿಯಾಗಿ ಕೊನೆಯಲ್ಲಿ ಅಮೃತವಾಗುವದು ಸಾತ್ತ್ವಿಕ. ಮೊದಲಲ್ಲಿ ಅಮೃತವಾಗಿ ಕೊನೆಯಲ್ಲಿ ವಿಷವಾಗುವದು ರಾಜಸ. ನಿದ್ರೆ, ಆಲಸ್ಯ, ಪ್ರಮಾದಗಳಿಂದ ಹುಟ್ಟುವದು ತಾಮಸ. ಇದು ಗೃಹಸ್ಥನಿಗೂ ಉಪಯುಕ್ತವಾದ ವಿಭಾಗವು. ಆದರೂ ಸಾಮಾನ್ಯವಾಗಿ ನೋಡಿದರೆ ಶಾಸ್ತ್ರಗಳ ಕಾಲದಲ್ಲಿ ಜನರ ಮುಂದೆ ಎರಡೇ ದಾರಿಗಳು ನಿಂತಿದ್ದವು: ಸಂಸಾರದಲ್ಲಿದ್ದು ಭೋಗಿಸಿ ಬಳಲುವದು, ಇಲ್ಲವೆ ಸಂಸಾರವನ್ನು ಬಿಟ್ಟು ಭೋಗವನ್ನೂ ಬಿಡುವದು. ಹೊಲ ಉಳುವವನಿಗೆ, ಬಟ್ಟೆ ನೇಯುವವನಿಗೆ, ಮಗುವನ್ನು ಎತ್ತಿಕೊಂಡ ತಾಯಿಗೆ ಪರಮಸುಖದ ಬಾಗಿಲು ಯಾವದೆಂಬದು ಉತ್ತರವಿಲ್ಲದ ಪ್ರಶ್ನೆಯಾಗಿಯೇ ಬಹುಮಟ್ಟಿಗೆ ಉಳಿದಿತ್ತು.

೪. ಯವನ ಮತ್ತು ರೋಮಕ ದೇಶಗಳ ವಿಚಾರ

ಸುಖದ ಚಿಂತನೆಯು ಭರತಖಂಡಕ್ಕೆ ಮಾತ್ರ ಮೀಸಲಾದುದಲ್ಲ. ಸುಖವನ್ನು ದೈವವು ಕಸಿಯಬಲ್ಲದೋ ಎಂಬ ಒಂದು ಪ್ರಶ್ನೆಯನ್ನಂತೂ ಯವನರು ವಿಶೇಷವಾಗಿ ಚರ್ಚಿಸಿದರು. ಇತಿಹಾಸಕಾರನಾದ ಹಿರೊಡೊಟಸನು ಬರೆದ ಕಥೆಯೊಂದುಂಟು. ಲಿಡಿಯಾ ದೇಶದ ಅರಸನಾದ ಕ್ರೀಸಸನು ತನ್ನ ಭಂಡಾರವನ್ನೆಲ್ಲ ತೋರಿಸಿ, ಲೋಕದಲ್ಲಿ ಅತ್ಯಂತ ಸುಖಿ ಯಾರೆಂದು ಅಥೆನ್ಸಿನ ಜ್ಞಾನಿಯಾದ ಸೋಲನನನ್ನು ಕೇಳಿದನು. ತನ್ನ ಹೆಸರೇ ಬರುವದೆಂದು ಅರಸನ ನಿರೀಕ್ಷೆ. ಸೋಲನನು ಹೇಳಿದ್ದು ಟೆಲ್ಲಸನೆಂಬ ಸಾಮಾನ್ಯ ನಾಗರಿಕನ ಹೆಸರನ್ನು. ಆತನು ಒಳ್ಳೆಯ ಮಕ್ಕಳನ್ನು ಪಡೆದು, ಮೊಮ್ಮಕ್ಕಳನ್ನು ಕಂಡು, ತನ್ನ ಊರಿಗಾಗಿ ಹೋರಾಡಿ ಮಡಿದವನು. ಬಾಳು ಮುಗಿಯುವ ಮೊದಲು ಯಾರನ್ನೂ ಸುಖಿಯೆನ್ನಲಾಗದೆಂಬ ಸೋಲನನ ನೀತಿಯು ಅರಸನಿಗೆ ಆಗ ಹಿಡಿಸಲಿಲ್ಲ. ಕ್ರಿ.ಪೂ. ೫೪೬ರ ಸುಮಾರಿಗೆ ಪಾರಸಿಕರ ಸೈರಸನು ಲಿಡಿಯಾವನ್ನು ಗೆದ್ದು ಆತನನ್ನು ಚಿತೆಯ ಮೇಲೆ ನಿಲ್ಲಿಸಿದಾಗ ಕ್ರೀಸಸನು ಸೋಲನನ ಹೆಸರನ್ನೇ ಮೂರು ಸಾರೆ ಕೂಗಿದನಂತೆ.

ಅನಂತರ ಬಂದ ಅರಿಸ್ಟಾಟಲನು (ಕ್ರಿ.ಪೂ. ೩೮೪–೩೨೨) ಸುಖವನ್ನು ಭಾವನೆಯೆಂದು ಎಣಿಸದೆ, ಸದ್ಗುಣಕ್ಕೆ ಅನುಸಾರವಾಗಿ ಬಾಳಿನುದ್ದಕ್ಕೂ ನಡೆಯುವ ಕ್ರಿಯೆಯೆಂದು ನಿರ್ಣಯಿಸಿದನು. ಭೋಗವಾದಿಯೆಂದು ಹೆಸರಾದ ಎಪಿಕ್ಯೂರಸನು (ಕ್ರಿ.ಪೂ. ೩೪೧–೨೭೦) ಸಹ, ದೇಹಕ್ಕೆ ನೋವಿಲ್ಲದಿರುವದೂ ಮನಸ್ಸಿಗೆ ಕಳವಳವಿಲ್ಲದಿರುವದೂ ಸುಖವೆಂದು ಹೇಳಿ, ತಾನು ರೊಟ್ಟಿ ನೀರುಗಳಿಂದ ತೃಪ್ತನಾಗಿದ್ದನು. ಆರನೆಯ ಶತಮಾನದಲ್ಲಿ ಬೊಯಿಥಿಯಸನೆಂಬ ರೋಮಕ ಪಂಡಿತನು ಥಿಯೊಡೊರಿಕ ರಾಜನ ಬಳಿ ಉನ್ನತ ಅಧಿಕಾರಿಯಾಗಿದ್ದು, ರಾಜದ್ರೋಹದ ಆರೋಪಕ್ಕೆ ಗುರಿಯಾಗಿ ಸೆರೆಮನೆ ಸೇರಿದನು. ಕ್ರಿ.ಶ. ೫೨೪ರ ಸುಮಾರಿಗೆ ಆತನ ವಧೆಯಾಯಿತು. ಸಾವನ್ನು ಕಾಯುತ್ತ ಕುಳಿತ ಆತನು ಬರೆದದ್ದು ಸುಖವನ್ನು ಕುರಿತ ಗ್ರಂಥವನ್ನೇ. ನಮ್ಮ ಚಂಪೂಕಾವ್ಯದಂತೆ ಗದ್ಯಪದ್ಯಮಯವಾದ ಆ ಗ್ರಂಥದಲ್ಲಿ ತತ್ತ್ವವಿದ್ಯೆಯು ಸ್ತ್ರೀರೂಪದಿಂದ ಸೆರೆಮನೆಗೆ ಬಂದು, ದೈವವು ಕೊಟ್ಟು ಕಸಿದ ಸಂಪತ್ತು, ಪದವಿ, ಕೀರ್ತಿಗಳು ಎಂದೂ ಆತನವಾಗಿರಲಿಲ್ಲವೆಂದು ಬೋಧಿಸುವಳು. ಅರಸನೊಬ್ಬನ ಸೇವೆಯಲ್ಲಿದ್ದ ಜ್ಞಾನಿಗೆ ಬಂದ ಈ ಪರೀಕ್ಷೆಯೇ ಸುಮಾರು ಆರುನೂರ ನಾಲ್ವತ್ತು ವರ್ಷಗಳ ತರುವಾಯ ಕನ್ನಡನಾಡಿನ ಕಲ್ಯಾಣಪಟ್ಟಣದಲ್ಲಿ ಮತ್ತೊಂದು ರೀತಿಯಿಂದ ಒದಗಿತು.

೫. ಶರಣರು ತಂದ ಮಾರ್ಪಾಡು

ಶರಣರು ಭೋಗ ಮತ್ತು ತ್ಯಾಗಗಳೆಂಬ ಎರಡು ದಾರಿಗಳ ನಡುವೆ ಪ್ರಸಾದವೆಂಬ ಮೂರನೆಯ ದಾರಿಯನ್ನು ತೆರೆದರು. ವಿಷಯವಸ್ತುಗಳು ಕೆಟ್ಟವುಗಳಲ್ಲ, ಅವುಗಳನ್ನು ತನ್ನವೆಂದು ಹಿಡಿಯುವ ಭಾವವು ಕೆಟ್ಟದ್ದು. ಆದ್ದರಿಂದ ಬಂದುದನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಅರ್ಪಿತವಾದುದನ್ನು ಪ್ರಸಾದವೆಂದು ಸ್ವೀಕರಿಸಿದರೆ, ಅದೇ ಅನ್ನ, ಅದೇ ನೀರು, ಅದೇ ಗಾಳಿ ಬಂಧಕವಾಗದೆ ಮೋಚಕವಾಗುವವು. ಷಟ್‌ಸ್ಥಲಶಾಸ್ತ್ರದಲ್ಲಿ ಇದರ ಕ್ರಮವು ಬಹು ಸೂಕ್ಷ್ಮವಾಗಿ ನಿರೂಪಿತವಾಗಿದೆ. ಮೂಗಿಗೆ ಬಂದ ಗಂಧವು ಆಚಾರಲಿಂಗಕ್ಕೆ, ನಾಲಗೆಗೆ ಬಂದ ರುಚಿಯು ಗುರುಲಿಂಗಕ್ಕೆ, ಕಣ್ಣಿಗೆ ಬಂದ ರೂಪವು ಶಿವಲಿಂಗಕ್ಕೆ, ಚರ್ಮಕ್ಕೆ ಬಂದ ಸ್ಪರ್ಶವು ಜಂಗಮಲಿಂಗಕ್ಕೆ, ಕಿವಿಗೆ ಬಂದ ಶಬ್ದವು ಪ್ರಸಾದಲಿಂಗಕ್ಕೆ, ಹೃದಯಕ್ಕೆ ಬಂದ ತೃಪ್ತಿಯು ಮಹಾಲಿಂಗಕ್ಕೆ ಅರ್ಪಿತವಾಗತಕ್ಕವು.

ಇಲ್ಲಿ ಆರನೆಯದನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಐದು ವಿಷಯಗಳನ್ನು ಅರ್ಪಿಸಿದವನಲ್ಲಿಯೂ ಒಂದು ಉಳಿಯುವದು. ಅದು 'ನಾನು ಅರ್ಪಿಸಿದೆ, ನಾನು ತೃಪ್ತನಾದೆ' ಎಂಬ ಸಮಾಧಾನ. ಆ ತೃಪ್ತಿಯನ್ನೂ ತನ್ನದೆಂದು ಇಟ್ಟುಕೊಳ್ಳಬಾರದೆಂಬದು ಶರಣರ ನಿರ್ಣಯವು. ಭಕ್ತಿಯ ಆರು ಭೇದಗಳಲ್ಲಿಯೂ ಇದೇ ತತ್ತ್ವವು ಕಾಣಬರುವದು. ಭಕ್ತನದು ಶ್ರದ್ಧೆ, ಮಹೇಶ್ವರನದು ನಿಷ್ಠೆ, ಪ್ರಸಾದಿಯದು ಅವಧಾನ, ಪ್ರಾಣಲಿಂಗಿಯದು ಅನುಭವ, ಶರಣನದು ಆನಂದ, ಐಕ್ಯನದು ಸಮರಸ. ಆನಂದಮೀಮಾಂಸೆಯ ಏಣಿಯಲ್ಲಿ ಬ್ರಹ್ಮಾನಂದವು ಕೊನೆಯ ಮೆಟ್ಟಿಲು. ಇಲ್ಲಿ ಆನಂದವು ಐದನೆಯದು. ಆನಂದಪಡುವವನೊಬ್ಬನು ಬೇರೆಯಾಗಿ ಉಳಿದಿರುವವರೆಗೆ ಎರಡು ಉಳಿದಂತೆಯೇ. ಆದ್ದರಿಂದ ಅದನ್ನೂ ದಾಟಿದ ಸಾಮರಸ್ಯವೇ ಕೊನೆಯದೆಂದು ಅವರು ಸ್ಥಾಪಿಸಿದರು. ಸುಖವನ್ನು ಹಿಡಿಯಹೋದ ಕೈಯೇ ಸುಖಕ್ಕೆ ಅಡ್ಡಿಯೆಂಬ ಸಂಗತಿಯನ್ನು ಇಷ್ಟು ಶಾಸ್ತ್ರೀಯವಾಗಿ ನಿರೂಪಿಸಿದ್ದು ವಿರಳವು.

ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯು ಈ ತತ್ತ್ವಕ್ಕೆ ಉತ್ತಮವಾದ ಉದಾಹರಣೆಯು. ಆತನು ಕೆರೆಯನ್ನು ಕಟ್ಟಿಸಿದನು, ದೇಗುಲಗಳನ್ನು ಎತ್ತಿಸಿದನು. ಲೋಕಕ್ಕೆ ಅವುಗಳಿಂದ ಮಹೋಪಕಾರವಾಯಿತು. ಆದರೂ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅಲ್ಲಿಗೆ ಬಂದು, ಆತನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಪ್ರಭುವಿನ ಆಕ್ಷೇಪವು ಕೆರೆಯ ಮೇಲಲ್ಲ; 'ನಾನು ಕಟ್ಟಿಸಿದೆ'ನೆಂಬ ಸುಖದ ಮೇಲೆ. ಸತ್ಕಾರ್ಯದ ಹೆಮ್ಮೆಯು ದುಷ್ಕಾರ್ಯದ ಆಸೆಗಿಂತ ಬಿಡಿಸಲು ಕಷ್ಟವಾದುದು, ಏಕೆಂದರೆ ಅದು ಧರ್ಮದ ಉಡುಪನ್ನು ಉಟ್ಟಿರುವದು. ಸಿದ್ಧರಾಮನು ಅದನ್ನು ಅರಿತು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದನು.

೬. ಆಯ್ದಕ್ಕಿ ದಂಪತಿಗಳು

ತತ್ತ್ವವನ್ನು ಹೇಳುವದು ಸುಲಭ, ಒಲೆಯ ಮುಂದೆ ನಡೆಸುವದು ಕಠಿಣ. ಇದನ್ನು ನಡೆಸಿ ತೋರಿಸಿದವರಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿಗಳು ಅಗ್ರಗಣ್ಯರು. ರಾಯಚೂರು ಸೀಮೆಯ ಅಮರೇಶ್ವರದಿಂದ ಅವರು ಕಲ್ಯಾಣಕ್ಕೆ ಬಂದರೆಂದು ಸಂಪ್ರದಾಯವು ಹೇಳುವದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವದು ಮಾರಯ್ಯನ ಕಾಯಕವು. ಕಾಯಕಕ್ಕೂ ಕೈಲಾಸಕ್ಕೂ ಭೇದವೆಣಿಸದ ಶರಣನಾತನು.

ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗವು ಹೀಗಿದೆ. ಮಾರಯ್ಯನು ಒಂದು ದಿನ ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತನು. ಕಾಯಕದ ಹೊತ್ತು ಮೀರಿತು. ಲಕ್ಕಮ್ಮನು ಬಂದು ಕಾಯಕವು ನಿಂತಿರುವದನ್ನು ನೆನಪಿಸಿದಳು. ತತ್ತ್ವಗೋಷ್ಠಿಯ ಸುಖವು ಎಷ್ಟು ಹಿರಿದಾದರೂ ಕಾಯಕವನ್ನು ಬಿಡಿಸಿದರೆ ಅದೂ ಒಂದು ಭೋಗವೇ ಎಂಬದು ಆಕೆಯ ಅಭಿಪ್ರಾಯವಾಗಿರಬೇಕು. ಮಾರಯ್ಯನು ಅವಸರದಿಂದ ಹೋಗಿ ಅಕ್ಕಿಯನ್ನು ಆಯ್ದು ತಂದನು. ಅಂದು ಅಂಗಳದಲ್ಲಿ ಬೇಕೆಂದೇ ಹೆಚ್ಚು ಅಕ್ಕಿಯನ್ನು ಚೆಲ್ಲಿದ್ದರಾದ್ದರಿಂದ ಆತನು ತಂದದ್ದು ದಿನದ ಅಳತೆಗಿಂತ ಹೆಚ್ಚಾಗಿತ್ತು. ಲಕ್ಕಮ್ಮನು ಅದನ್ನು ಕಂಡು ಮೆಚ್ಚಲಿಲ್ಲ. ಆಸೆಯು ಅರಸರಿಗೆ ಸಲ್ಲಬಹುದು, ಶಿವಭಕ್ತರಿಗೆ ಸಲ್ಲದೆಂದು ಹೇಳಿ, ದಿನಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ತಂದಲ್ಲಿಯೇ ಸುರಿದುಬರಲು ಗಂಡನನ್ನು ಕಳುಹಿದಳು.

ಈ ಪ್ರಸಂಗವನ್ನು ಕುರಿತು ಒಂದು ಆಕ್ಷೇಪವು ಬರಬಹುದು. ಬಡವರಿಗೆ ತೃಪ್ತಿಯನ್ನು ಬೋಧಿಸುವದು ಉಳ್ಳವರಿಗೆ ಅನುಕೂಲವಾದ ಧರ್ಮವಲ್ಲವೇ? ಹಸಿದವನಿಗೆ ಸಂತೋಷವು ಮನಸ್ಸಿನಲ್ಲಿದೆಯೆಂದು ಹೇಳಿ ಕಳುಹಿದರೆ ಅದು ಧರ್ಮವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಕೂಡದು. ಲೋಕದಲ್ಲಿ ಅನೇಕ ಸಾರೆ ತೃಪ್ತಿಯ ಉಪದೇಶವು ಹೀಗೆ ದುರುಪಯೋಗವಾದದ್ದುಂಟು. ಆದರೆ ಇಲ್ಲಿ ಉಪದೇಶಿಸಿದವರಾರು ಎಂಬದನ್ನು ನೋಡತಕ್ಕದ್ದು. ಮಂತ್ರಿಯು ಬಡವಳಿಗೆ ತೃಪ್ತಿಯನ್ನು ಬೋಧಿಸಲಿಲ್ಲ. ಬಡವಳು ಮಂತ್ರಿಯ ಧಾರಾಳವನ್ನು ಹಿಂದಕ್ಕೆ ಕಳುಹಿದಳು. ಉಳ್ಳವರಿಗೆ ಶರಣಧರ್ಮವು ವಿಧಿಸಿದ್ದು ತೃಪ್ತಿಯನ್ನಲ್ಲ, ದಾಸೋಹವನ್ನು. ದುಡಿದದ್ದು ತನ್ನೊಬ್ಬನದಲ್ಲವೆಂಬದು ಅದರ ಮೊದಲ ಪಾಠವು. ಅಂಗಳದ ಅಕ್ಕಿಯು ಅಂಗಳದವನ ಕರುಣೆಯಲ್ಲ, ದುಡಿದವನ ಪಾಲು. ಹೀಗೆ ಒಂದು ಕಡೆಯಿಂದ ದಾಸೋಹವು ಹೆಚ್ಚಿನದನ್ನು ಇಳಿಸುವದು, ಮತ್ತೊಂದು ಕಡೆಯಿಂದ ಕಾಯಕವು ಕೊರತೆಯನ್ನು ತುಂಬುವದು. ಎರಡರ ನಡುವೆ ಮನುಷ್ಯನ ಮಾನವು ಉಳಿಯುವದು. ಕೈಯೊಡ್ಡದೆ ದೊರೆತ, ಹಂಚಿದ ಮೇಲೆ ಉಳಿದ, ನಾಳೆಯ ಭಯವಿಲ್ಲದ ಈ ಅನ್ನದ ಸುಖವನ್ನೇ ಶರಣರು ಪ್ರಸಾದವೆಂದರು. ನೂಲಿ ಹೊಸೆಯುವ ಚಂದಯ್ಯನೂ ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನೂ ಇದೇ ಪಂಕ್ತಿಯವರು. ಮೋಳಿಗೆಯ ಮಾರಯ್ಯನಂತೂ ಕಾಶ್ಮೀರದ ಅರಸುತನವನ್ನು ತೊರೆದುಬಂದವನೆಂದು ಪರಂಪರೆಯು ಹೇಳುವದು.

೭. ಕಲ್ಯಾಣದ ಪರೀಕ್ಷೆ

ಶಾಂತಕಾಲದಲ್ಲಿ ಹೇಳಿದ ಸುಖತತ್ತ್ವದ ಸತ್ಯತೆಯು ಆಪತ್ಕಾಲದಲ್ಲಿ ಪರೀಕ್ಷಿತವಾಗುವದು. ಕಳಚುರಿ ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ಆಕ್ರಮಿಸಿ ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ವಿವಾಹವಾಯಿತೆಂಬದೂ, ವರ್ಣಸಂಕರವೆಂಬ ದೂರನ್ನು ಕೇಳಿದ ಅರಸನು ಅವರಿಬ್ಬರನ್ನೂ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿದನೆಂಬದೂ ಶರಣಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿ ಐಕ್ಯರಾದರು. ಕ್ರಿ.ಶ. ೧೧೬೭-೬೮ರ ಸುಮಾರಿಗೆ ಬಿಜ್ಜಳನ ಮರಣವಾಯಿತು. ಕಲ್ಯಾಣವು ಕದಡಿಹೋಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು.

ಈಗ ಸೋಲನನ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದು. ಹರಳಯ್ಯ ಮಧುವರಸರು ಸುಖಿಗಳಾಗಿದ್ದರೋ? ಮಹಾಮನೆಯನ್ನು ಕಳೆದುಕೊಂಡು ಕಾಡುದಾರಿಯನ್ನು ಹಿಡಿದ ನೀಲಾಂಬಿಕೆ, ಗಂಗಾಂಬಿಕೆ, ನಾಗಲಾಂಬಿಕೆಯರು ಸುಖಿಗಳಾಗಿದ್ದರೋ? ದೇಹಕ್ಕೆ ಬಂದದ್ದು ಘೋರವಾದ ದುಃಖವೇ. ಅದನ್ನು ಸುಖವೆಂದು ಕರೆಯುವದು ಶಬ್ದಕ್ಕೆ ಅನ್ಯಾಯವಾಗುವದು. ಶರಣರು ನೋವನ್ನು ನೋವಲ್ಲವೆಂದು ಎಂದೂ ಹೇಳಲಿಲ್ಲ. ಆದರೆ ಅವರು ಕಳೆದುಕೊಂಡದ್ದನ್ನೂ ಉಳಿಸಿಕೊಂಡದ್ದನ್ನೂ ತೂಗಿ ನೋಡಿದರೆ ಒಂದು ಸಂಗತಿಯು ತಿಳಿದುಬರುವದು. ಹೋದದ್ದು ಪಟ್ಟಣ, ಪದವಿ, ಮನೆ. ಅವರು ಹೊತ್ತು ತಂದದ್ದು ವಚನದ ಕಟ್ಟುಗಳನ್ನು. ಹೊನ್ನನ್ನು ಸುಖವೆಂದು ಎಣಿಸಿದವರು ಓಡುವಾಗ ಹೊನ್ನನ್ನು ಹೊರುವರು. ಓಲೆಗರಿಯನ್ನು ಹೊತ್ತವರಿಗೆ ಸುಖವು ಎಲ್ಲಿತ್ತೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಬೆಳಗಾವಿ ಸೀಮೆಯ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರೂ, ಮಲಪ್ರಭಾತೀರದ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರೂ, ಉಳವಿಯ ದಟ್ಟ ಕಾನನದಲ್ಲಿ ಚೆನ್ನಬಸವಣ್ಣನವರೂ ಐಕ್ಯರಾದರೆಂದು ಆಯಾ ಕ್ಷೇತ್ರಗಳ ಪರಂಪರೆಯು ಹೇಳುವದು. ಇಂದಿಗೂ ಭಕ್ತರು ಆ ದಾರಿಯಲ್ಲಿ ನಡೆದು ಆ ಗದ್ದುಗೆಗಳ ದರ್ಶನವನ್ನು ಪಡೆಯುತ್ತಾರೆ.

ಕ್ರೀಸಸನ ಸುಖವು ಭಂಡಾರದಲ್ಲಿತ್ತು. ಭಂಡಾರದೊಡನೆ ಅದು ಹೋಯಿತು. ಬೊಯಿಥಿಯಸನು ಸೆರೆಮನೆಯಲ್ಲಿ ಒಬ್ಬನೇ ಕುಳಿತು ತನ್ನೊಳಗಿನ ಸುಖವನ್ನು ಕಂಡುಕೊಂಡನು. ಶರಣರ ಸುಖವಾದರೋ ಒಬ್ಬನ ಎದೆಯಲ್ಲಿ ಮಾತ್ರ ಇದ್ದದ್ದಲ್ಲ. ಅದು ಪಂಕ್ತಿಯಲ್ಲಿತ್ತು, ಕಾಯಕದಲ್ಲಿತ್ತು, ಗೋಷ್ಠಿಯಲ್ಲಿತ್ತು. ಆದ್ದರಿಂದ ಕಲ್ಯಾಣವು ಹಾಳಾದರೂ ಎಲ್ಲಿ ಇಬ್ಬರು ಕೂಡಿ ಅರ್ಪಿಸಿ ಉಂಡರೋ ಅಲ್ಲಿ ಅದು ಮತ್ತೆ ಚಿಗಿತಿತು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ (೧೪೨೪–೧೪೪೬) ಕಾಲದ ವಿಜಯನಗರದಲ್ಲಿ ಲಕ್ಕಣ್ಣದಂಡೇಶ, ಚಾಮರಸ ಮೊದಲಾದವರು ಆ ಪರಂಪರೆಯನ್ನು ಗ್ರಂಥರೂಪಕ್ಕೆ ತಂದದ್ದೂ, ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲ ಶೂನ್ಯಸಂಪಾದನೆಯನ್ನು ರಚಿಸಿದ್ದೂ, ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯಲ್ಲಿ ಸಕಲ ಶಾಸ್ತ್ರಗಳ ಸಾರವನ್ನು ಕನ್ನಡದಲ್ಲಿ ಒಟ್ಟುಗೂಡಿಸಿ, ಕೈವಲ್ಯಪದ್ಧತಿಯ ಹಾಡುಗಳಿಂದ ಸಾಮಾನ್ಯರ ನಾಲಗೆಯ ಮೇಲೆ ಅನುಭಾವವನ್ನು ನೆಲೆಗೊಳಿಸಿದ್ದೂ ಆ ಚಿಗುರಿನ ಫಲಗಳೇ.

೮. ಉಪಸಂಹಾರ

ಇದು ಗತಕಾಲದ ಮಾತು ಮಾತ್ರವೆಂದು ತಿಳಿಯಕೂಡದು. ಇಪ್ಪತ್ತನೆಯ ಶತಮಾನದಲ್ಲಿ ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು (೧೮೮೦–೧೯೬೪) ಊರೂರು ಸುತ್ತಿ ಮನೆಯ ಅಟ್ಟಗಳಲ್ಲಿಯೂ ಮಠದ ಜಗುಲಿಗಳಲ್ಲಿಯೂ ಇದ್ದ ತಾಳೆಗರಿಗಳನ್ನು ಕೂಡಿಹಾಕಿದರು. ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಮುದ್ರಣಾಲಯಕ್ಕಾಗಿ ಅವರು ಇದ್ದ ಮನೆಯನ್ನೂ ಮಾರಿದರು. ವಕೀಲಿಯ ಸಂಪಾದನೆಯಿಂದ ದೊರೆಯಬಹುದಾಗಿದ್ದ ಭೋಗವು ಅವರಿಗೆ ದೊರೆಯಲಿಲ್ಲವೆಂಬದು ಸತ್ಯವು. ಆದರೆ ಉಳವಿಯ ಕಾಡಿಗೆ ಕಟ್ಟುಗಳನ್ನು ಹೊತ್ತವರ ಹೆಗಲಿಗೆ ಅವರ ಹೆಗಲೂ ಸೇರಿತು. ಅಂಥ ಬಾಳನ್ನು ಸುಖವಿಲ್ಲದ್ದೆಂದು ಹೇಳಲು ಯಾರಿಗೂ ಬಾಯಿ ಬಾರದು.

ಹಾಗಾದರೆ ಸುಖವಿಚಾರದ ಚರಿತ್ರೆಯಿಂದ ತಿಳಿಯತಕ್ಕದ್ದು ಇಷ್ಟು. ಉಪನಿಷದೃಷಿಯು ಬಯಕೆಯ ಪೆಟ್ಟಿಲ್ಲದವನೇ ಸುಖಿಯೆಂದನು. ಬುದ್ಧನು ದುಃಖದ ಬೇರನ್ನು ತೋರಿಸಿದನು. ನೈಯಾಯಿಕನು ಸುಖದ ಮೋಹವೂ ಬಂಧವೆಂದು ಎಚ್ಚರಿಸಿದನು. ಯವನನು ಸುಖವು ನಡೆಯಲ್ಲಿದೆಯೆಂದನು. ಶರಣರು ಇವೆಲ್ಲವನ್ನೂ ಹೊಲಕ್ಕೂ ಮಗ್ಗಕ್ಕೂ ಅಡುಗೆಮನೆಗೂ ತಂದರು. ದುಡಿದು ಪಡೆ, ಅರ್ಪಿಸಿ ಹಂಚು, ಉಳಿದುದನ್ನು ಪ್ರಸಾದವೆಂದು ಉಣ್ಣು, ಉಂಡ ತೃಪ್ತಿಯನ್ನೂ ಒಪ್ಪಿಸಿಬಿಡು ಎಂಬ ನಾಲ್ಕು ಕ್ರಮಗಳಲ್ಲಿ ಅವರ ಸುಖಶಾಸ್ತ್ರವು ಅಡಕವಾಗಿರುವದು. ಇದಕ್ಕೆ ಸಂಪತ್ತಿನಿಂದ ತುಂಬಿದ ಪೃಥ್ವಿಯು ಬೇಕಾಗಿಲ್ಲ, ಕಾಡಿಗೆ ಹೋಗಬೇಕಾಗಿಲ್ಲ, ನಾಳೆಯವರೆಗೆ ಕಾಯಬೇಕಾಗಿಲ್ಲ.

ಮಠದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ಶಿಷ್ಯಭಕ್ತರು, ಎಲೆಯಲ್ಲಿರುವ ಅನ್ನದ ಹಿಂದೆ ಯಾರ ಕಾಯಕವಿದೆಯೆಂಬದನ್ನೂ, ತಮ್ಮ ಮನೆಯ ಕಣಜದಲ್ಲಿ ಲಕ್ಕಮ್ಮನು ಹಿಂದಕ್ಕೆ ಕಳುಹಿದಂಥ ಅಕ್ಕಿಯು ಎಷ್ಟಿದೆಯೆಂಬದನ್ನೂ ಒಮ್ಮೆ ನೆನೆದರೆ, ಈ ತತ್ತ್ವದ ಅಧ್ಯಯನವು ಅಂದೇ ಆರಂಭವಾದಂತೆ. ಉತ್ಸವಗಳು ಬಂದುಹೋಗುವವು, ದೀಪಗಳು ಆರುವವು; ಹಂಚಿದ ಅನ್ನದ ಸುಖವು ಉಂಡವನಲ್ಲಿಯೂ ಉಣಿಸಿದವನಲ್ಲಿಯೂ ಉಳಿಯುವದು. ಸರ್ವರಿಗೂ ಅಂಥ ಪ್ರಸಾದಸುಖವು ಲಭಿಸಲಿ, ಲೋಕಕ್ಕೆ ಮಂಗಳವಾಗಲಿ.